ಮೈ ಮರೆಯದ ಚೊಚ್ಚಲು

ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಇಳಿಸಿ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಜಗಲಿಯವರೆಗೂ ಹರಡಿತು. ನಾಲ್ಕು ವರ್ಷಗಳ ಹಿಂದೆ ಒಗೆದು ಮಡಿಸಿಟ್ಟ ಮಗುವಿನ ಬಟ್ಟೆಗಳು. ಮಲೆನಾಡಿನ ನಾಲ್ಕು ಮಳೆಗಾಲ ಕಂಡ ಬಟ್ಟೆ ಹೇಗಿರಬೇಕೋ ಹಾಗೆಯೇ ಇದ್ದವು. ಮಗಳು ಅವುಗಳ ನಡುವಿನಿಂದ ಒಂದು ಕೆಂಪು ಕುಲಾವಿಯನ್ನು ಎಳೆದು ತಲೆಗೆ ಹಾಕಿಕೊಂಡಳು. ಅದು ನೆತ್ತಿಯ ಮೇಲೆ ಕುಳಿತಿತೇ ಹೊರತು ಕಿವಿಯವರೆಗೆ ಇಳಿಯಲಿಲ್ಲ. ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದುಕೊಂಡೇ, "ಇದು ನನ್ನದು. ಪಾಪುಗೆ ಕೊಡುವುದಿಲ್ಲ" ಎಂದಳು.

ನನಗೆ ಈಗ ಎಂಟನೆಯ ತಿಂಗಳು. ತೀರ್ಥಹಳ್ಳಿ ತಾಲೂಕಿನಲ್ಲಿ, ತೋಟದ ನಡುವಿನ ಒಂಟಿ ಮನೆ ನಮ್ಮದು. ಚೊಚ್ಚಲ ಬಸಿರಿನಲ್ಲಿ ಸೀಮಂತವಾಯಿತು, ಬಯಕೆಯ ಊಟಗಳಾದವು, ಹೆರಿಗೆಗೆ ಸಾಗರದ ತವರಿಗೆ ಹೋದೆ. ದಿನ ಬೆಳಗಾದರೆ ಯಾರಾದರೊಬ್ಬರು ಫೋನ್ ಮಾಡಿ ಊಟ, ನಿದ್ದೆ ವಿಚಾರಿಸುತ್ತಿದ್ದರು. ಸೀಮಂತ ಚೊಚ್ಚಲಿಗೆ ಮಾತ್ರ. ಅದು ಸಂಪ್ರದಾಯ, ಇರಲಿ. ಆದರೆ ಸೀಮಂತದ ಜೊತೆಗೆ ಕಾಳಜಿಯೂ ಒಂದೇ ಸಲಕ್ಕೆ ಮುಗಿದುಬಿಡುತ್ತದೆ. "ಎರಡನೆಯದಲ್ಲವೇನೇ, ಎಲ್ಲ ಗೊತ್ತಿರುವುದೇ" ಎನ್ನುತ್ತಾರೆ ಅತ್ತೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೂ ಈ ಮಾತು ನನ್ನನ್ನು ಕಾಡುತ್ತದೆ, ಏಕೆಂದರೆ ಇದರಲ್ಲಿ ಅರ್ಧ ಮಾತ್ರ ನಿಜ. ಮೈಗೆ ಮೊದಲ ಬಸಿರು ನೆನಪಿರುತ್ತದೆ. ಆದರೆ ಅದು ನೆನಪಿಟ್ಟುಕೊಂಡದ್ದೆಲ್ಲ ಎರಡನೆಯ ಮಗುವಿಗೆ ಒಳ್ಳೆಯದೇ ಆಗಬೇಕೆಂದಿಲ್ಲ.

ಒಳ್ಳೆಯ ನೆನಪುಗಳಿಂದ ಶುರು ಮಾಡುತ್ತೇನೆ. ಮೊದಲ ಸಲ ಮಗುವಿನ ಮಿಸುಕಾಟ ನನಗೆ ತಿಳಿದದ್ದು 20ನೆಯ ವಾರದ ಹೊತ್ತಿಗೆ. ಈ ಸಲ 16ನೆಯ ವಾರದಲ್ಲೇ, ಕೆರೆಯ ನೀರಿನಲ್ಲಿ ಮರಿಮೀನು ತಿರುಗಿದ ಹಾಗೆ, ಒಂದು ಸಣ್ಣ ಅಲುಗಾಟ. ಮಗು ಬೇಗ ಅಲುಗಾಡಲು ತೊಡಗಿತು ಎಂದು ಇದರ ಅರ್ಥವಲ್ಲ. ಚೊಚ್ಚಲಲ್ಲಿ ವಾಯು ಎಂದುಕೊಂಡು ಬಿಟ್ಟುಬಿಡುವ ಸಂಚಲನವನ್ನು ಎರಡನೆಯ ಸಲ ತಾಯಿ ಗುರುತು ಹಿಡಿಯುತ್ತಾಳೆ. ಹೊಟ್ಟೆಯ ಸ್ನಾಯುಗಳು ಒಮ್ಮೆ ಹಿಗ್ಗಿ ಸಡಿಲಗೊಂಡಿರುವುದರಿಂದ ಹೊಟ್ಟೆ ಕಾಣುವುದೂ ಬೇಗ. ಗರ್ಭಕೋಶಕ್ಕೆ ರಕ್ತ ಒಯ್ಯುವ ಸಣ್ಣ ರಕ್ತನಾಳಗಳು ಮೊದಲ ಬಸಿರಿನಲ್ಲಿ ಅಗಲಗೊಳ್ಳುತ್ತವೆ. ಎರಡನೆಯ ಮಗುವಿಗೆ ಆ ದಾರಿ ಸ್ವಲ್ಪ ಸಲೀಸು. ಸರಾಸರಿ ಲೆಕ್ಕದಲ್ಲಿ ಎರಡನೆಯ ಮಗು ಚೊಚ್ಚಲಿಗಿಂತ ನೂರು ಗ್ರಾಂನಷ್ಟು ಹೆಚ್ಚು ತೂಗುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ.

ಇನ್ನೂ ಒಳಗಿನ ನೆನಪೊಂದಿದೆ. ಮಗುವಿನ ಅರ್ಧ ಗುಣಾಣುಗಳು ತಂದೆಯವು, ಅಂದರೆ ತಾಯಿಯ ರೋಗನಿರೋಧಕ ವ್ಯವಸ್ಥೆಗೆ ಪರಕೀಯ. ಆದರೂ ಅದು ಮಗುವಿನ ಮೇಲೆ ಮುಗಿಬೀಳದಂತೆ ತಡೆಯುವ ಕಾವಲುಗಾರರು ರಕ್ತದಲ್ಲಿದ್ದಾರೆ. ನಿಯಂತ್ರಕ ಟಿ ಕೋಶಗಳೆಂದು ಅವುಗಳ ಹೆಸರು. 2012ರಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಮೊದಲ ಬಸಿರಿನಲ್ಲಿ ಬೆಳೆದ ಇಂಥ ಕೋಶಗಳು ಹೆರಿಗೆಯ ನಂತರವೂ ಉಳಿದುಕೊಂಡು, ಎರಡನೆಯ ಬಸಿರಿನಲ್ಲಿ ಬೇಗ ಬೇಗ ಹೆಚ್ಚುವುದು ಕಂಡಿತು. ಬಸಿರಿಯ ರಕ್ತದೊತ್ತಡ ಏರಿ ಪ್ರಾಣಕ್ಕೇ ಎರವಾಗುವ ಪ್ರಿ-ಎಕ್ಲಾಂಪ್ಸಿಯಾ ಚೊಚ್ಚಲಲ್ಲೇ ಹೆಚ್ಚಾಗಿ ಕಾಣಿಸಿಕೊಳ್ಳುವುದು ಏಕೆ ಎಂಬ ಪ್ರಶ್ನೆಗೆ ಇದರಲ್ಲಿ ಒಂದು ಸುಳಿವಿದೆ.

ಈಗ ಇನ್ನೊಂದು ಬಗೆಯ ನೆನಪು. ಬಸಿರಿಯ ತಪಾಸಣೆ ಬರೆದಿಡುವ ನನ್ನ 'ತಾಯಿ ಕಾರ್ಡಿ'ನಲ್ಲಿ ರಕ್ತದ ಗುಂಪಿನ ಮುಂದೆ ಆಶಾ ಕಾರ್ಯಕರ್ತೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಾರೆ: ಓ ನೆಗೆಟಿವ್. ಭಾರತದಲ್ಲಿ ನೂರಕ್ಕೆ ಸುಮಾರು ಐದು ಮಂದಿ ಆರ್‌ಎಚ್ ನೆಗೆಟಿವ್. ಅಂದರೆ ಉಳಿದವರ ಕೆಂಪು ರಕ್ತಕಣಗಳ ಮೇಲಿರುವ 'ಡಿ' ಎಂಬ ಪ್ರೋಟೀನು ನಮ್ಮಲ್ಲಿಲ್ಲ. ಬದುಕಲು ಅದೇನೂ ಬೇಕಿಲ್ಲ. ತೊಡಕು ಬರುವುದು, ಅಪ್ಪನಿಂದ ಪಾಸಿಟಿವ್ ಗುಣ ಪಡೆದ ಮಗು ಹೊಟ್ಟೆಯಲ್ಲಿದ್ದಾಗ.

ಅದೂ ಚೊಚ್ಚಲಿಗೆ ಬರುವುದು ಅಪರೂಪ. ಬಸಿರಿನಲ್ಲಿ ತಾಯಿ ಮಗುವಿನ ರಕ್ತ ಹೆಚ್ಚಾಗಿ ಬೇರೆ ಬೇರೆಯಾಗಿಯೇ ಹರಿಯುತ್ತದೆ. ಹೆರಿಗೆಯ ಹೊತ್ತಿನಲ್ಲಿ, ಮಾಸು ಬಿಡಿಸಿಕೊಳ್ಳುವಾಗ, ಮಗುವಿನ ಒಂದಿಷ್ಟು ರಕ್ತ ತಾಯಿಯ ಮೈ ಸೇರುತ್ತದೆ. ಆಗ ತಾಯಿಯ ರಕ್ತ ಈ ಹೊಸ ಪ್ರೋಟೀನನ್ನು ಶತ್ರುವೆಂದು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸಲು ತೊಡಗುತ್ತದೆ. ಅಷ್ಟರಲ್ಲಿ ಮಗು ತೊಟ್ಟಿಲಲ್ಲಿರುತ್ತದೆ, ಅದಕ್ಕೇನೂ ಆಗದು. ಆದರೆ ಗುರುತು ಉಳಿಯುತ್ತದೆ. ಮುಂದಿನ ಮಗುವೂ ಪಾಸಿಟಿವ್ ಆದರೆ, ಈ ಬಾರಿ ಪ್ರತಿಕಾಯಗಳು ಬೇಗ ಹುಟ್ಟುತ್ತವೆ, ಮಾಸನ್ನು ದಾಟಿ ಹೋಗಬಲ್ಲ ಬಗೆಯವಾಗಿರುತ್ತವೆ. ಅವು ಮಗುವಿನ ರಕ್ತಕಣಗಳನ್ನು ಒಡೆಯುತ್ತವೆ. ಮಗು ರಕ್ತಹೀನತೆಯಿಂದ ಬಾತುಕೊಂಡು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ತೀವ್ರವಾದ ಕಾಮಾಲೆಯೊಂದಿಗೆ ಹುಟ್ಟಬಹುದು.

ಹಿಂದೆ ಎಷ್ಟೋ ಮನೆಗಳಲ್ಲಿ ಚೊಚ್ಚಲು ಗಟ್ಟಿಯಾಗಿ ಬದುಕಿ, ಮುಂದಿನವು ಒಂದೊಂದಾಗಿ ಕೈಬಿಟ್ಟು ಹೋದಾಗ ನಾಗದೋಷವೆಂದರು, ದೃಷ್ಟಿಯೆಂದರು. ಕೊನೆಗೆ ಎಲ್ಲ ಮಾತೂ ಹೆತ್ತವಳ ಮೇಲೆಯೇ ಬಂದು ಬೀಳುತ್ತಿತ್ತು. 1939ರಲ್ಲಿ ನ್ಯೂಯಾರ್ಕಿನ ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ ಎಂಬ ವೈದ್ಯರು, ಸತ್ತ ಮಗುವನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ಕೊಟ್ಟಾಗ ಅವಳ ಮೈ ಅದನ್ನು ಒಪ್ಪದೇ ಹೋದದ್ದನ್ನು ವರದಿ ಮಾಡಿದರು. ಮಗುವಿನ ಮೂಲಕ ಗಂಡನ ರಕ್ತದ ಗುರುತು ಆಕೆಯ ಮೈಗೆ ಮೊದಲೇ ಹತ್ತಿತ್ತು. ಮುಂದೆ ಇದಕ್ಕೆ ಸಿಕ್ಕ ಪರಿಹಾರ ಎಷ್ಟು ಸೊಗಸಾದದ್ದು! ಸಿದ್ಧವಾಗಿರುವ ಪ್ರತಿಕಾಯವನ್ನೇ ತಾಯಿಗೆ ಚುಚ್ಚಿದರೆ, ಅದು ಮಗುವಿನ ಕಣಗಳನ್ನು ತಾಯಿಯ ವ್ಯವಸ್ಥೆ ಗುರುತಿಸುವ ಮೊದಲೇ ತೆರವುಗೊಳಿಸುತ್ತದೆ. ನೆನಪು ಹುಟ್ಟುವುದೇ ಇಲ್ಲ. ಆಂಟಿ-ಡಿ ಎಂಬ ಈ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1968ರಲ್ಲಿ. ಅದನ್ನು ಹೆಚ್ಚಾಗಿ ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಿಸುತ್ತಾರೆ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ 1954ರಿಂದ 2018ರವರೆಗೆ 1,173 ಬಾರಿ ರಕ್ತ, ಪ್ಲಾಸ್ಮಾ ಕೊಟ್ಟರು. ಅದರಿಂದ ಸುಮಾರು 24 ಲಕ್ಷ ಶಿಶುಗಳಿಗೆ ರಕ್ಷಣೆ ಸಿಕ್ಕಿತೆಂದು ಅಲ್ಲಿನ ಲೆಕ್ಕ. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ನನ್ನ ತೋಳಿಗೆ ಬಿದ್ದ ಚುಚ್ಚುಮದ್ದಿನ ಹಿಂದೆ ಇದ್ದವರು ಬೇರೆ ಯಾರೋ ದಾನಿಗಳು. ಅವರ ಹೆಸರು ನನಗೆಂದೂ ತಿಳಿಯುವುದಿಲ್ಲ. ಅವರನ್ನು ನೆನೆಯದೆ ನಾನು ಆ ಕಾರ್ಡನ್ನು ಮಡಿಸಿಡುವುದಿಲ್ಲ.

ಮಗಳು ಹುಟ್ಟಿದ ಮರುದಿನವೇ ಆ ಚುಚ್ಚುಮದ್ದು ಸಿಕ್ಕಿತು. 72 ಗಂಟೆಯೊಳಗೆ ಸಿಗಬೇಕು. ಈ ಸಲ ಪ್ರತಿಕಾಯ ಹುಟ್ಟಿಲ್ಲವೆಂದು ಐಸಿಟಿ ಎಂಬ ರಕ್ತಪರೀಕ್ಷೆಯಲ್ಲಿ ಖಚಿತವಾದ ಮೇಲೆ 28ನೆಯ ವಾರದಲ್ಲಿ ಇನ್ನೊಂದು. ನೆಗೆಟಿವ್ ಇರುವ ಹೆಂಗಸರಿಗೆ ಬಸಿರು ಇಳಿದು ಹೋದಾಗಲೂ ಇದು ಬೇಕಾಗಬಹುದು. ದುಃಖದ ಗಡಿಬಿಡಿಯಲ್ಲಿ ತಪ್ಪಿಹೋಗುವುದು ಅಲ್ಲಿಯೇ. ಒಮ್ಮೆ ಪ್ರತಿಕಾಯ ಹುಟ್ಟಿದ ಮೇಲೆ ಈ ಮದ್ದು ಕೆಲಸ ಮಾಡದು. ಆದ್ದರಿಂದಲೇ "ಗೊತ್ತಿರುವುದೇ" ಎಂದು ಎರಡನೆಯ ಬಸಿರಿನಲ್ಲಿ ಆಸ್ಪತ್ರೆಗೆ ತಡವಾಗಿ ಹೋಗುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಬ್ಬಿಣದ ಲೆಕ್ಕವನ್ನೂ ಮೈ ಮರೆಯುವುದಿಲ್ಲ. ಒಂದು ಬಸಿರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಬೇಕು. ಚೊಚ್ಚಲಿನಲ್ಲಿ ಖಾಲಿಯಾದ ಕಣಜ ತುಂಬುವ ಮೊದಲೇ ಎರಡನೆಯದು ನಿಂತರೆ ಸಾಲದ ಮೇಲೆ ಸಾಲ. ಒಂದು ಹೆರಿಗೆಯಿಂದ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಇದೂ ಒಂದು ಕಾರಣ. ನಮ್ಮಲ್ಲಿ ಊಟದ ಬೆನ್ನಿಗೇ ಕಾಫಿ ಕುಡಿಯುವ ಅಭ್ಯಾಸ. ಕಾಫಿ ಮತ್ತು ಚಹಾ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಲಿಂಬೆಹಣ್ಣಿನ ಪಾನಕ ಹತ್ತಿಸುತ್ತದೆ. ಮಾತ್ರೆ ಮತ್ತು ಕಾಫಿಯ ನಡುವೆ ನಾನು ಎರಡು ಗಂಟೆ ಬಿಡುತ್ತೇನೆ. ಮಳೆ ಸುರಿಯುವಾಗ ಅದು ಸಣ್ಣ ತ್ಯಾಗವಲ್ಲ.

ಹೆರಿಗೆಯ ಹಾದಿಯನ್ನೂ ಮೈ ನೆನಪಿಟ್ಟುಕೊಳ್ಳುತ್ತದೆ. ಚೊಚ್ಚಲ ಹೆರಿಗೆಯ ನೋವು ಹನ್ನೆರಡು ಗಂಟೆಯನ್ನೂ ಮೀರಿ ನಡೆಯುವುದುಂಟು. ಎರಡನೆಯದು ಸಾಮಾನ್ಯವಾಗಿ ಅದರ ಅರ್ಧದಲ್ಲಿ ಮುಗಿಯುತ್ತದೆ. ಪೇಟೆಯವರಿಗೆ ಇದು ಒಳ್ಳೆಯ ಸುದ್ದಿ. ನಮಗೆ ಹಾಗಲ್ಲ. ನಮ್ಮ ಮಳೆಯನ್ನು ಆಗುಂಬೆಯ ಪಕ್ಕದಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಮಣ್ಣಿನ ದಾರಿಯಲ್ಲಿ ಒಂದು ಮರ ಅಡ್ಡ ಬಿದ್ದರೆ ಆಂಬುಲೆನ್ಸ್ ಮನೆಯವರೆಗೆ ಬಾರದು, ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ನೋವು ಶುರುವಾದ ಮೇಲೆ ಹೊರಡೋಣ ಎನ್ನುವ ಲೆಕ್ಕ ಚೊಚ್ಚಲಿಗೆ ಸರಿಹೋಗಿರಬಹುದು, ಈಗ ಹೋಗದು. ರಕ್ತನಿಧಿ ಹತ್ತಿರವಿರಲಿ ಎಂದು ಶಿವಮೊಗ್ಗದಲ್ಲೇ ಹೆರಿಗೆ ಎಂದುಕೊಂಡಿದ್ದೇವೆ. ದಿನ ತುಂಬಲು ಮೂರು ವಾರ ಇರುವಾಗಲೇ ಅಲ್ಲಿರುವ ಸಂಬಂಧಿಕರ ಮನೆಗೆ ಹೋಗುತ್ತೇವೆ, ಮಗಳನ್ನೂ ಕರೆದುಕೊಂಡು.

ಮಗಳನ್ನು ಬಿಟ್ಟು ಹೋಗುವ ಮಾತು ಮೊದಲು ಬಂದಿತ್ತು. ಬೇಡವೆಂದೆ. ಒಂದು ವರ್ಷದಿಂದ ಹಾಸಿಗೆ ಒದ್ದೆ ಮಾಡದಿದ್ದ ಹುಡುಗಿ ಕಳೆದ ತಿಂಗಳಿಂದ ಮತ್ತೆ ಮಾಡುತ್ತಿದ್ದಾಳೆ. ಅನ್ನ ತಾನೇ ತಿನ್ನುತ್ತಿದ್ದವಳು ಈಗ ಬಾಯಿ ತೆರೆದು ಕೂರುತ್ತಾಳೆ. "ಹಟ, ಇಷ್ಟು ದೊಡ್ಡವಳಾಗಿ" ಎಂದು ಬೈಯುವವರಿದ್ದಾರೆ. ಅವರಿಗೆ ಬೊನೊಬೊಗಳ ಕಥೆ ಹೇಳಬೇಕೆನಿಸುತ್ತದೆ. ಚಿಂಪಾಂಜಿಯ ಹತ್ತಿರದ ಬಂಧುವಾದ ಈ ವಾನರಗಳನ್ನು ಕಾಂಗೋ ದೇಶದ ಕಾಡಿನಲ್ಲಿ ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿಗಳು, ತಮ್ಮನೋ ತಂಗಿಯೋ ಹುಟ್ಟಿದಾಗ ದೊಡ್ಡ ಮರಿಯ ಮೂತ್ರವನ್ನು ಸಂಗ್ರಹಿಸಿ ಪರೀಕ್ಷಿಸಿದರು. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಐದು ಪಟ್ಟು ಏರಿತ್ತು. ಇಳಿಯಲು ಏಳು ತಿಂಗಳು ಹಿಡಿಯಿತು. ಮರಿಗೆ ಎರಡು ವರ್ಷವಾಗಿರಲಿ ಎಂಟಾಗಿರಲಿ, ವ್ಯತ್ಯಾಸವಿರಲಿಲ್ಲ. ಮೊಲೆ ಬಿಟ್ಟದ್ದಾಗಲಿ, ಅಮ್ಮನಿಂದ ದೂರವಾದದ್ದಾಗಲಿ ಇದಕ್ಕೆ ಕಾರಣವಲ್ಲವೆಂದೂ ಕಂಡಿತು. 2022ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ರಾತ್ರಿ ಮಗಳ ಒದ್ದೆ ಚಾದರವನ್ನು ಬದಲಿಸುವಾಗ ನನಗೆ ಬೇಸರವೇ ಆಗಲಿಲ್ಲ. ಅವಳ ಒಡಹುಟ್ಟು ಇನ್ನೂ ಬಂದಿಲ್ಲ, ಬರುವ ಸುದ್ದಿಯೇ ಅವಳಿಗೆ ಸಾಕಾಗಿದೆ.

ಆದ್ದರಿಂದ ಬದಲಾವಣೆಗಳನ್ನು ಈಗಲೇ, ಒಂದೊಂದಾಗಿ ಮಾಡುತ್ತಿದ್ದೇವೆ. ಸ್ನಾನ ಮಾಡಿಸುವುದು ಇವರ ಪಾಲಿಗೆ ಬಂದಿದೆ. ಮೊದಲ ವಾರ ಅತ್ತಳು. ಈಗ ಹಂಡೆಯ ನೀರು ಕಾದ ಕೂಡಲೇ "ಅಪ್ಪ ಬಾ" ಎಂದು ಕೂಗುತ್ತಾಳೆ. ಮಲಗುವ ಜಾಗವೂ ಬದಲಾಗಿದೆ. ನನಗೂ ಇವರಿಗೂ ನಡುವೆ ಇದ್ದ ಅವಳ ಚಿಕ್ಕ ಹಾಸಿಗೆ ಈಗ ಇವರ ಬದಿಗೆ, ಗೋಡೆಗೆ ತಾಗಿ. ಪಾಪು ಬಂದ ದಿನವೇ ಜಾಗ ಬಿಡಿಸಿದರೆ, ಬಿಡಿಸಿದ್ದು ಪಾಪು ಎಂದಾಗುತ್ತದೆ. ಅದೊಂದು ತಪ್ಪಲಿ.

ಟ್ರಂಕಿನ ಬಟ್ಟೆಗಳನ್ನೆಲ್ಲ ಬಿಸಿನೀರಿನಲ್ಲಿ ಒಗೆದು, ಬಿಸಿಲಿಲ್ಲದ ಕಾರಣ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ್ದೇವೆ. ಎಲ್ಲದಕ್ಕೂ ಹೊಗೆಯ ವಾಸನೆ. ಕೆಂಪು ಕುಲಾವಿ ಆ ಹಗ್ಗದ ಮೇಲಿಲ್ಲ, ಮಗಳ ದಿಂಬಿನ ಕೆಳಗಿದೆ. ಯಾರೂ ಕೇಳಲು ಹೋಗಿಲ್ಲ. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಯೊಂದನ್ನು ಕತ್ತರಿಸಿ, ಒಲೆಯ ಪಕ್ಕ ಕುಳಿತು ಇನ್ನೊಂದನ್ನು ಹೊಲಿಯುತ್ತಿದ್ದಾರೆ.