ಮಿಸ್ ಲಕ್ಷಗಟ್ಟಲೆ, ಮೆಮೊರಿಗೆ ಹೋಗಿದ್ದು 65 ಸಾವಿರ

ಶನಿವಾರ ಬೆಳಿಗ್ಗೆ ಬೆಣ್ಣೆದೋಸೆ ತಿಂದು ಕಣ್ಣು ಎಳೆಯುವ ಹೊತ್ತಿಗೆ ಫೈನಲ್ ಇಯರ್ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ನಾನು ದಾವಣಗೆರೆಯಲ್ಲೇ ಕೂತು ಪ್ರೊಸೆಸರ್ ಪರ್ಫಾರ್ಮೆನ್ಸ್ ಕೆಲಸ ಮಾಡುವವನು. ಪ್ರಾಜೆಕ್ಟ್ ಎಲ್ಲೋ ಸಿಕ್ಕಿಹಾಕಿಕೊಂಡರೆ ಮಕ್ಕಳು ಹೀಗೆ ಬರುತ್ತಿರುತ್ತಾರೆ. "ಸರ್, ಜೆಮ್5 ತಪ್ಪು ಲೆಕ್ಕ ಕೊಡ್ತಿದೆ" ಅಂದಳು.

ಜೆಮ್5 ಅಂದರೆ ಇನ್ನೂ ಇಲ್ಲದ ಪ್ರೊಸೆಸರನ್ನು ಸಾಫ್ಟ್‌ವೇರಿನಲ್ಲೇ ಕಟ್ಟಿ ಓಡಿಸಿ ನೋಡುವ ಸಿಮ್ಯುಲೇಟರ್. ಮಿಶಿಗನ್‌ನ ಎಂ5, ವಿಸ್ಕಾನ್ಸಿನ್‌ನ ಜೆಮ್ಸ್ ಎರಡನ್ನೂ ಸೇರಿಸಿ ಮಾಡಿದ್ದು, ಪೇಪರ್ ಬಂದದ್ದು 2011ರಲ್ಲಿ. ಒಂದು ರನ್ ಮುಗಿದರೆ ಸಾಲುಸಾಲು ನಂಬರ್ ತುಂಬಿದ ಸ್ಟ್ಯಾಟ್ಸ್ ಫೈಲ್ ಕೊಡುತ್ತದೆ. ಕಷ್ಟ ಶುರುವಾಗುವುದೇ ಅಲ್ಲಿ.

ಅವಳ ಪ್ರೋಗ್ರಾಂ ಸುಲಭದ್ದು. 1024 ಸಾಲು, 1024 ಕಾಲಂ ಇರುವ ಇಂಟೀಜರ್ ಅರೇ, ಅಂದರೆ 4 ಎಂಬಿ. ಮೊದಲು ತುಂಬಿಸುವುದು, ಆಮೇಲೆ ಸಾಲು ಸಾಲಾಗಿ ಓದಿ ಕೂಡುವುದು. ಪ್ರೊಸೆಸರಿನ ಪಕ್ಕದ ಚಿಕ್ಕ, ವೇಗದ ಮೆಮೊರಿಯೇ ಕ್ಯಾಷ್: ಹತ್ತಿರದ ಎಲ್1 32 ಕೆಬಿ, ಅದರ ಹಿಂದಿನ ಎಲ್2 256 ಕೆಬಿ. ಎರಡೂ 8-ವೇ, ಅಂದರೆ ಕ್ಯಾಷನ್ನು ಸೆಟ್ ಅನ್ನುವ ಗುಂಪುಗಳಾಗಿ ಹಂಚಿ, ಒಂದೊಂದರಲ್ಲೂ ಎಂಟು ಜಾಗ. ಬೇಕಾಗುವ ಮುಂಚೆಯೇ ಡೇಟಾ ತಂದಿಡುವ ಪ್ರೀಫೆಚರ್ ಇಲ್ಲ. ಓದುವ ಲೂಪಿಗೆ ಮುಂಚೆ ಸ್ಟ್ಯಾಟ್ಸ್ ರೀಸೆಟ್ ಮಾಡಿದ್ದಳು, ಅಷ್ಟರ ಮಟ್ಟಿಗೆ ಜಾಣೆ.

ನಾನು ಫೈಲ್ ನೋಡಲಿಲ್ಲ, ಪೆನ್ನು ಕೊಟ್ಟೆ. ಕ್ಯಾಷಿಗೆ ಒಂದು ಸಲಕ್ಕೆ ಬರುವ ತುಂಡು, ಅಂದರೆ ಕ್ಯಾಷ್ ಲೈನ್, 64 ಬೈಟ್, ಒಂದು ಇಂಟೀಜರ್ 4 ಬೈಟ್. ಒಂದು ಲೈನಿನಲ್ಲಿ 16 ನಂಬರ್, ಮೊದಲನೆಯದು ಕ್ಯಾಷಿನಲ್ಲಿ ಸಿಗುವುದಿಲ್ಲ, ಅದು ಮಿಸ್; ಉಳಿದ 15 ಸಿಗುತ್ತವೆ, ಅವು ಹಿಟ್. ಅಂದರೆ ಮಿಸ್ ರೇಟ್ ಶೇ. 6.25, ಮಿಸ್ ಒಟ್ಟು 65,536.

"ನನಗೆ ಶೇಕಡಾ ಒಂದರ ಹತ್ತಿರ ಬಂದಿದೆ ಸರ್. ಕ್ಯಾಷ್ ಚೆನ್ನಾಗಿದೆ ಅಂತ ರಿಪೋರ್ಟಲ್ಲಿ ಬರೆದುಬಿಟ್ಟೆ."

ಕಂಪೈಲ್ ಮಾಡುವಾಗ ಕೋಡನ್ನು ಚುರುಕು ಮಾಡುವ ಆಪ್ಟಿಮೈಸೇಷನ್ ಹಾಕಿರಲಿಲ್ಲ. ಹಾಗಾಗಿ ಅರೇಯ ಒಂದೊಂದು ನಂಬರಿಗೂ ಐ, ಜೆ, ಸಮ್ ಅನ್ನುವ ಲೂಪಿನ ವೇರಿಯಬಲ್‌ಗಳೆಲ್ಲವೂ ಮೆಮೊರಿಯ ಸ್ಟ್ಯಾಕ್ ಭಾಗದಿಂದ ಬಂದು ಹೋಗುತ್ತವೆ, ಒಂದು ಸುತ್ತಿಗೆ ಆರೇಳು ಆಕ್ಸೆಸ್. ಅವೆಲ್ಲ ಹಿಟ್ ಆಗುತ್ತವೆ. ಮಿಸ್ ಕಡಿಮೆಯಾಗಿಲ್ಲ, ಕೆಳಗಿನ ಭಾಜಕ ಉಬ್ಬಿದೆ ಅಷ್ಟೇ. ಕಂಪೈಲರಿಗೆ ಓ2 ಅನ್ನುವ ಆಪ್ಟಿಮೈಸೇಷನ್ ಹಂತ ಹಾಕಿ, ವೆಕ್ಟರೈಸೇಷನ್ ನಿಲ್ಲಿಸಿದ ಮೇಲೆ 6.25ರ ಪಕ್ಕಕ್ಕೇ ಬಂತು. ವೆಕ್ಟರೈಸೇಷನ್ ಬಿಟ್ಟಿದ್ದರೆ ಒಂದೇ ಲೋಡಿನಲ್ಲಿ ನಾಲ್ಕು ನಂಬರ್ ಎಳೆದುಕೊಂಡು ರೇಟ್ 25 ಆಗುತ್ತಿತ್ತು, ಆಗ ಕ್ಯಾಷ್ ಕೆಟ್ಟದ್ದು ಅಂತ ಬರೆಯುತ್ತಿದ್ದಳೋ ಏನೋ! ನಾನಂತೂ ಮಿಸ್ ರೇಟನ್ನು ಕೊನೆಗೆ ನೋಡುತ್ತೇನೆ. ಮೊದಲು ಮಿಸ್ ಎಷ್ಟು, ಆಮೇಲೆ ಸಾವಿರ ಇನ್‌ಸ್ಟ್ರಕ್ಷನ್ನಿಗೆ ಎಷ್ಟು.

ಅವಳ ನಿಜವಾದ ಜಗಳ ಬೇರೆ ಇತ್ತು. ಜೆಮ್5ರಲ್ಲಿ ಒಂದೊಂದೇ ಕೆಲಸ ಮುಗಿಸಿ ಮುಂದೆ ಹೋಗುವ ಟೈಮಿಂಗ್ ಸಿಂಪಲ್ ಸಿಪಿಯು ತೆಗೆದು, ಕಾಯದೆ ಮುಂದಿನದನ್ನೂ ಶುರುಮಾಡುವ ಓ3 ಸಿಪಿಯು ಹಾಕಿದ ಕೂಡಲೇ (ಇದಕ್ಕೂ ಕಂಪೈಲರಿನ ಓ2ಗೂ ಸಂಬಂಧವಿಲ್ಲ) ಎಲ್1 ಮಿಸ್ ಲಕ್ಷಗಟ್ಟಲೆ ಏರಿತ್ತು. ಆದರೆ ಮೆಮೊರಿ ಕಂಟ್ರೋಲರ್ ನೋಡಿದರೆ ಅದೇ 65 ಸಾವಿರ ಚಿಲ್ಲರೆ ರೀಡ್. "ಉಳಿದ ಮಿಸ್‌ಗಳು ಎಲ್ಲಿ ಹೋದವು ಸರ್?"

ನೋಡವ್ವಾ, ದೋಸೆ ಹೋಟೆಲಲ್ಲಿ ಚಟ್ನಿ ಖಾಲಿ ಆಯ್ತು ಅಂದ್ಕೋ. ಐದು ಜನ ಸಪ್ಲಾಯರ್ ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗಿ "ಚಟ್ನಿ ಇಲ್ಲ" ಅಂತ ಕೂಗ್ತಾರೆ. ರುಬ್ಬೋಕೆ ಹಾಕೋದು ಒಂದೇ ಸಲ ಅಲ್ವಾ? ಕೂಗಿದ್ದು ಐದು, ಬಂದ ಪಾತ್ರೆ ಒಂದು. ಓ3 ಸಿಪಿಯು ಮೊದಲ ನಂಬರ್ ಬರುವವರೆಗೆ ಕಾಯದೆ ಮುಂದಿನ ಲೋಡ್‌ಗಳನ್ನೂ ಕಳಿಸುತ್ತದೆ. ಲೈನ್ ಇನ್ನೂ ದಾರಿಯಲ್ಲಿರುವುದರಿಂದ ಅವೂ ಮಿಸ್ ಅಂತಲೇ ಎಣಿಕೆಯಾಗುತ್ತವೆ, ಆದರೆ ಎಂಎಸ್‌ಎಚ್‌ಆರ್ ಅನ್ನುವ ಬಾಕಿ ಪಟ್ಟಿಯಲ್ಲಿ ಆ ಲೈನಿನ ಹೆಸರು ಆಗಲೇ ಇರುವುದರಿಂದ ಹೊಸ ರಿಕ್ವೆಸ್ಟ್ ಕೆಳಗೆ ಹೋಗುವುದಿಲ್ಲ. ಫೈಲಿನಲ್ಲೇ ಎಂಎಸ್‌ಎಚ್‌ಆರ್ ಹಿಟ್, ಎಂಎಸ್‌ಎಚ್‌ಆರ್ ಮಿಸ್ ಅಂತ ಬೇರೆ ಬೇರೆ ಸಾಲಿವೆ. ಎರಡನೆಯದನ್ನು ತೋರಿಸಿದೆ: ಅದು 65 ಸಾವಿರದ ಲೆಕ್ಕಕ್ಕೆ ಕೂತಿತ್ತು. ಅವಳು ಒಂದು ನಿಮಿಷ ಸುಮ್ಮನಿದ್ದು, ಹಾಗಾದರೆ ಮಿಸ್‌ಗಳನ್ನು ಸರಾಸರಿ ಲೇಟೆನ್ಸಿಗೆ (ಒಂದು ಮಿಸ್ಸಿಗೆ ಹಿಡಿಯುವ ಹೊತ್ತಿಗೆ) ಗುಣಿಸಿ ಇಷ್ಟು ಹೊತ್ತು ಸಿಪಿಯು ಕಾದಿತು ಅಂತ ಹೇಳುವುದೂ ತಪ್ಪೇ ಅಂತ ಕೇಳಿದಳು. ತಪ್ಪೇ. ಒಂದರ ಮೇಲೊಂದು ಬಿದ್ದ ಕಾಯುವಿಕೆಯನ್ನು ಕೂಡಿದರೆ ಗಡಿಯಾರ ಒಪ್ಪುವುದಿಲ್ಲ.

ಲೇಟೆನ್ಸಿ ಬಗ್ಗೆ ಇನ್ನೊಂದು. ಆ ಸಾಲುಗಳು ಟಿಕ್‌ನಲ್ಲಿರುತ್ತವೆ, ಸೈಕಲ್‌ನಲ್ಲಲ್ಲ. ಒಂದು ಟಿಕ್ ಮಾಮೂಲಾಗಿ ಒಂದು ಪಿಕೋಸೆಕೆಂಡ್. 60,000 ಅಂತ ಕಂಡರೆ ಅದು 60 ನ್ಯಾನೋಸೆಕೆಂಡ್, 2 ಗಿಗಾಹರ್ಟ್ಸ್ ಸಿಪಿಯುಗೆ 120 ಸೈಕಲ್. ಮೆಮೊರಿಗೆ ಕಾಯುವ ಹೊತ್ತನ್ನು ಸರಿಯಾಗಿ ಲೆಕ್ಕ ಹಾಕದ ಅಟಾಮಿಕ್ ಸಿಪಿಯು ಹಾಕಿದ್ದರೆ ಈ ಸಾಲುಗಳನ್ನು ನೋಡುವುದೇ ಬೇಡ.

ಕೊನೆಗೆ ಮೆಮೊರಿ ರೈಟ್. ಲೂಪ್ ಬರೀ ಓದುತ್ತದೆ, ಆದರೂ ನಾಲ್ಕು ಸಾವಿರದಷ್ಟು ರೈಟ್ ಇದ್ದವು. ರೀಸೆಟ್ ಮಾಡಿದ್ದು ಎಣಿಕೆಯನ್ನು, ಕ್ಯಾಷನ್ನಲ್ಲ. ಅರೇ ತುಂಬಿಸಿದಾಗಿನ ಬರಹ ಎಲ್2ನಲ್ಲಿ ಹಾಗೇ ಕೂತಿತ್ತು, 256 ಕೆಬಿ ಅಂದರೆ 4,096 ಲೈನ್. ಹೊಸ ಲೈನ್ ಒಳಗೆ ಬಂದಂತೆ ಹಳೆಯವು ಮೆಮೊರಿಗೆ ಇಳಿದವು. ಮೊದಲ ಸಲ ಇದನ್ನು ಕಂಡಾಗ ನಾನೇ ಎರಡು ದಿನ ತಲೆ ಕೆರೆದುಕೊಂಡಿದ್ದೆ.

ಹೊರಡುವಾಗ ಅವಳೇ ಲೂಪ್ ತಿರುಗಿಸಿದಳು, ಕಾಲಂ ಕಾಲಂ ಆಗಿ ಓದುವ ಹಾಗೆ. ಈಗ ಒಂದೊಂದು ಹೆಜ್ಜೆ 4,096 ಬೈಟ್. ಎಲ್1ರಲ್ಲಿ 64 ಸೆಟ್, ಒಂದು ಲೈನ್ 64 ಬೈಟ್, ಆದ್ದರಿಂದ ಪ್ರತಿ ಹೆಜ್ಜೆಯೂ ಅದೇ ಸೆಟ್ಟಿಗೆ ಬೀಳುತ್ತದೆ, ಅಲ್ಲಿರುವುದು ಎಂಟೇ ಜಾಗ. ಎಲ್2ನಲ್ಲೂ ಎಂಟು ಸೆಟ್ ಮಾತ್ರ ಸಿಗುತ್ತವೆ, 64 ಲೈನಿಗಷ್ಟೇ ಜಾಗ. ಬೇಕಾದದ್ದು 1024, ಹಾಗಾಗಿ ಪ್ರತಿ ಓದೂ ಮಿಸ್. ಈ ಸಲ ರನ್ ಹಾಕುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಮೆಮೊರಿ ರೀಡ್ ಎಷ್ಟು ಬರಬೇಕು ಅಂತ ಬರೆದಳು: 10,48,576.