ಹಾಳೆ ಸಿಕ್ಕಿಕೊಳ್ಳುವುದಕ್ಕೆ ಜಿಎಸ್‌ಎಂ ಕಾರಣವೇ?

ಪ್ರಶ್ನೆ: ನಮ್ಮ ಕಚೇರಿಯ ಲೇಸರ್ ಪ್ರಿಂಟರ್‌ನಲ್ಲಿ ಹಾಳೆ ಪದೇ ಪದೇ ಸಿಕ್ಕಿಕೊಳ್ಳುತ್ತದೆ. ಈಗ ಬಳಸುತ್ತಿರುವುದು 70 ಜಿಎಸ್‌ಎಂ ಕಾಗದ. 80 ಅಥವಾ 100 ಜಿಎಸ್‌ಎಂ ತಂದರೆ ಸರಿಹೋದೀತೆ?

ಉತ್ತರ: 80 ತನ್ನಿ, ಒಳ್ಳೆಯದೇ. ದಿನನಿತ್ಯದ ಪತ್ರ, ವರದಿಗಳಿಗೆ 100ರ ಅಗತ್ಯವಿಲ್ಲ. ಆದರೆ ದಪ್ಪ ಕಾಗದ ತಂದ ಮಾತ್ರಕ್ಕೆ ಜಾಮ್ ನಿಲ್ಲುತ್ತದೆ ಎಂದುಕೊಳ್ಳಬೇಡಿ. ನನ್ನ ಅನುಮಾನ ಕಾಗದದ ತೂಕದ ಮೇಲಲ್ಲ, ಅದರೊಳಗಿನ ತೇವದ ಮೇಲೆ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಅಷ್ಟೆ. ಎ0 ಅಳತೆಯ ಹಾಳೆ ಒಂದು ಚದರ ಮೀಟರ್ ಇರುತ್ತದೆ. ಅದರಿಂದ 16 ಎ4 ಹಾಳೆಗಳಾಗುತ್ತವೆ. ಹಾಗಾಗಿ 80 ಜಿಎಸ್‌ಎಂನ ಎ4 ಹಾಳೆ 5 ಗ್ರಾಂ, 500 ಹಾಳೆಗಳ ರೀಮ್ ಸುಮಾರು ಎರಡೂವರೆ ಕಿಲೋ. 70 ಜಿಎಸ್‌ಎಂ ಆದರೆ ಸುಮಾರು 2.2 ಕಿಲೋ. ಹೊದಿಕೆಯ ಮೇಲೆ ಬರೆದಷ್ಟು ತೂಕ ನಿಜಕ್ಕೂ ಇದೆಯೇ ಎಂಬ ಸಂಶಯ ಬಂದರೆ ತೂಗಿ ನೋಡಬಹುದು.

ಇನ್ನು ತೇವದ ವಿಷಯ. ಲೇಸರ್ ಪ್ರಿಂಟರ್ ಶಾಯಿ ಬಳಸುವುದಿಲ್ಲ. ಟೋನರ್ ಎಂಬುದು ನುಣುಪಾದ ಪ್ಲಾಸ್ಟಿಕ್ ಪುಡಿ. ವಿದ್ಯುದಾವೇಶದ ಬಲದಿಂದ ಅದು ಡ್ರಮ್ ಎಂಬ ಉರುಳೆಯಿಂದ ಕಾಗದಕ್ಕೆ ಬಂದು ಕೂರುತ್ತದೆ; ಆಮೇಲೆ 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾದಿರುವ ಫ್ಯೂಸರ್ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ತೇವ ಹೀರಿದ ಕಾಗದ ಆವೇಶವನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ, ಅಕ್ಷರ ಅಲ್ಲಲ್ಲಿ ಮಾಸಿದಂತೆ ಬರುತ್ತದೆ. ಫ್ಯೂಸರ್‌ನ ಬಿಸಿಗೆ ಒಳಗಿನ ನೀರು ಒಮ್ಮೆಲೇ ಆವಿಯಾಗಿ ಹಾಳೆ ಸುರುಳಿಯಾಗುತ್ತದೆ, ಮುಂದಿನ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಗದ ತೀರಾ ಒಣಗಿದ್ದರೂ ತೊಂದರೆಯೇ: ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಎರಡು ಮೂರು ಒಟ್ಟಿಗೇ ಒಳಗೆ ಹೋಗುತ್ತವೆ.

ಕಾರ್ಖಾನೆಯಿಂದ ಹೊರಬರುವಾಗ ಈ ಕಾಗದದಲ್ಲಿ ಸಾಮಾನ್ಯವಾಗಿ ಶೇಕಡಾ 4ರಿಂದ 6ರಷ್ಟು ತೇವ ಇರುತ್ತದೆ. ರೀಮಿನ ಹೊದಿಕೆ ಇರುವುದೇ ಅದನ್ನು ಕಾಪಾಡಲು. ಬಂದ ರೀಮುಗಳನ್ನೆಲ್ಲ ಬಿಚ್ಚಿ ಕಪಾಟಿನಲ್ಲಿ ಜೋಡಿಸಿಡುವ ಅಭ್ಯಾಸ ಅನೇಕ ಕಚೇರಿಗಳಲ್ಲಿದೆ. ದಯವಿಟ್ಟು ಅದನ್ನು ಬಿಡಿ. ಬೇಕಾದಾಗ ಮಾತ್ರ ಒಂದನ್ನು ಬಿಚ್ಚಿ, ಉಳಿದದ್ದನ್ನು ಅದೇ ಹೊದಿಕೆಯಲ್ಲಿ ಸುತ್ತಿಡಿ. ರೀಮುಗಳನ್ನು ನೆಲದ ಮೇಲೆ ಇಡಬೇಡಿ, ಗೋಡೆಗೆ ಆನಿಸಿ ನಿಲ್ಲಿಸಬೇಡಿ, ಮಟ್ಟಸವಾಗಿ ಮಲಗಿಸಿಡಿ. ತಣ್ಣಗಿನ ಉಗ್ರಾಣದಿಂದ ತಂದ ಕಾಗದವನ್ನು ಬಿಚ್ಚುವ ಮುನ್ನ ಒಂದು ರಾತ್ರಿ ಪ್ರಿಂಟರ್ ಇರುವ ಕೋಣೆಯಲ್ಲೇ ಇರಲಿ.

ಕೊಳ್ಳುವಾಗ ಹೊದಿಕೆಯ ಮೇಲೆ ಲೇಸರ್ ಅಥವಾ ಕಾಪಿಯರ್‌ಗೆ ಸೂಕ್ತ ಎಂದಿದೆಯೇ ನೋಡಿ. ಹಾಗೆ ನಮೂದಾಗಿದ್ದರೆ ಮರುಬಳಕೆಯ ಕಾಗದಕ್ಕೂ ಹೆದರಬೇಕಿಲ್ಲ. ಬೆಳ್ಳಗಿದ್ದಷ್ಟೂ ಉತ್ತಮ ಎಂಬುದು ನಾನು ಒಪ್ಪದ ಮಾತು. ಬಿಳುಪು ಕಣ್ಣಿಗೆ ಚೆಂದ, ಜಾಮ್‌ಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕಿಂತ ಹಾಳೆಗಳ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಕತ್ತರಿಸಿದ್ದು ಒರಟಾಗಿದ್ದರೆ ಪುಡಿ ಕೈಗೆ ಹತ್ತುತ್ತದೆ. ಅದೇ ಪುಡಿ ಹಾಳೆ ಎಳೆಯುವ ರೋಲರ್‌ಗೆ ಮೆತ್ತಿಕೊಂಡರೆ ರೋಲರ್ ಜಾರತೊಡಗುತ್ತದೆ.

ಎರಡೂ ಬದಿ ಮುದ್ರಿಸುವವರಿಗೆ 80 ಜಿಎಸ್‌ಎಂ ನಿಜಕ್ಕೂ ಉಪಯುಕ್ತ, ಹಿಂದಿನ ಅಕ್ಷರ ಮುಂದಕ್ಕೆ ಕಾಣುವುದು ಕಡಿಮೆಯಾಗುತ್ತದೆ. ಪ್ರಮಾಣಪತ್ರ, ಮುಖಪುಟಗಳಿಗೆ 120 ಅಥವಾ 160 ಹಾಕುವುದಿದ್ದರೆ ಮೊದಲು ನಿಮ್ಮ ಯಂತ್ರದ ಕೈಪಿಡಿಯಲ್ಲಿ ಮಿತಿ ಎಷ್ಟೆಂದು ನೋಡಿ. ಟ್ರೇಗೆ ಒಂದು ಮಿತಿ, ಎರಡೂ ಬದಿಯ ಮುದ್ರಣಕ್ಕೆ ಇನ್ನೂ ಕಡಿಮೆ ಮಿತಿ ಇರುವುದುಂಟು. ಸೆಟ್ಟಿಂಗ್‌ನಲ್ಲಿ ಕಾಗದದ ಬಗೆಯನ್ನು ‘ದಪ್ಪ’ ಎಂದು ಬದಲಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಬಿಸಿ ಸಾಲದೆ ಅಕ್ಷರಗಳು ಉಗುರು ತಾಗಿದರೂ ಉದುರುತ್ತವೆ.

ಇಂಕ್‌ಜೆಟ್‌ಗೆಂದು ಮಾಡಿದ ಹೊಳಪಿನ ಫೋಟೊ ಕಾಗದವನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ. ಅದರ ಲೇಪ ಬಿಸಿಗೆ ಕರಗಿ ಫ್ಯೂಸರ್‌ಗೆ ಅಂಟಿಕೊಳ್ಳಬಹುದು. ಆಗ ಫ್ಯೂಸರನ್ನೇ ಬದಲಿಸಬೇಕಾದೀತು. ಕೆಲವು ಸ್ಟಿಕರ್ ಕಿತ್ತ ಹಾಳೆಯನ್ನು ಮತ್ತೆ ತೂರಿಸುವುದೂ ಇಷ್ಟೇ ಅಪಾಯ. ಲೆಟರ್‌ಹೆಡ್ ಮಾಡಿಸುವಾಗ ಶಾಯಿ ಲೇಸರ್‌ನ ಬಿಸಿ ತಡೆಯುತ್ತದೆಯೇ ಎಂದು ಮುದ್ರಣಾಲಯದಲ್ಲಿ ಕೇಳಿ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಹೊಸ ರೀಮ್ ಬಿಚ್ಚಿದ ಕೂಡಲೇ ಟ್ರೇಗೆ ಹಾಕಿ, ಅಂಚಿನ ಪಟ್ಟಿಗಳನ್ನು ಹಾಳೆಗೆ ತಾಗುವಷ್ಟೇ ಸರಿಸಿ, ಒಂದಷ್ಟು ಪುಟ ಮುದ್ರಿಸಿ. ಸರಾಗವಾಗಿ ಬಂದರೆ ತೊಂದರೆ ಇದ್ದದ್ದು ಹಳೆಯ ಕಾಗದದಲ್ಲಿ. 70 ಜಿಎಸ್‌ಎಂ ಅನ್ನೇ ಮುಂದುವರಿಸಬಹುದು. ಹಾಳೆ ಸುರುಳಿಯಾಗಿ ಬರುತ್ತಿದ್ದರೆ ಟ್ರೇಯಲ್ಲಿನ ಕಾಗದವನ್ನು ಮಗುಚಿ ಹಾಕಿ ನೋಡಿ. ಹೊಸ ಕಾಗದವೂ ಸಿಕ್ಕಿಕೊಂಡರೆ ಹಾಳೆ ಎಳೆಯುವ ರೋಲರ್ ಒರೆಸಿಸಿ, ಸವೆದಿದ್ದರೆ ಬದಲಿಸಿ.