ಮನುಷ್ಯ ಶ್ರೇಷ್ಠನೇ? ಉತ್ತರಕ್ಕೆ ಮೊದಲು ಅಳತೆಗೋಲು

ಮನುಷ್ಯ ಬೇರೆ ಪ್ರಾಣಿಗಳಿಗಿಂತ ಶ್ರೇಷ್ಠನೇ ಎಂಬ ಚರ್ಚೆಯಲ್ಲಿ ಹೌದು ಎನ್ನುವವರೂ ಅಲ್ಲ ಎನ್ನುವವರೂ ಎಡವುವುದು ಒಂದೇ ಕಡೆ: ಯಾವುದರಲ್ಲಿ ಶ್ರೇಷ್ಠ ಎಂದು ಹೇಳದೆಯೇ ವಾದ ಶುರುಮಾಡುತ್ತಾರೆ. ಗುಣ ಯಾವುದು, ಅದನ್ನು ಅಳೆದದ್ದು ಹೇಗೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಅಳತೆಯಿಂದ, ಪ್ರಾಣಿಗಳನ್ನು ಬಳಸಿಕೊಳ್ಳುವ ಹಕ್ಕಿನ ಮಾತಿಗೆ ಜಿಗಿಯುವುದು ಬೇರೆಯದೇ ಹೆಜ್ಜೆ.

ಮಿದುಳಿನಿಂದ ಆರಂಭಿಸೋಣ, ಎಲ್ಲರೂ ಅಲ್ಲಿಗೇ ಓಡುವುದರಿಂದ. ಬರೀ ತೂಕ ನೋಡಿದರೆ ನಾವು ಸೋತೆವು: ನಮ್ಮದು ಸುಮಾರು 1.35 ಕಿಲೋ, ಆನೆಯದು 5 ಕಿಲೋ ಹತ್ತಿರ, ಸ್ಪರ್ಮ್ ತಿಮಿಂಗಿಲದ್ದು 8 ಕಿಲೋ ಹತ್ತಿರ. ದೇಹದ ತೂಕಕ್ಕೆ ಹೋಲಿಸಿದರೆ ನಮ್ಮ ಮಿದುಳು ಶೇ. 2ರಷ್ಟು, ಸುಂಡಿಲಿಯದೂ ಹೆಚ್ಚುಕಡಿಮೆ ಅಷ್ಟೇ. ಈ ತೊಡಕು ಬಿಡಿಸಲು ವಿಜ್ಞಾನಿ ಹ್ಯಾರಿ ಜೆರಿಸನ್ 1973ರಲ್ಲಿ ಮುಂದಿಟ್ಟ ಸೂಚ್ಯಂಕವೇ ಇ.ಕ್ಯೂ. (ಎನ್ಸೆಫಲೈಸೇಶನ್ ಕೋಷೆಂಟ್), ಅಂದರೆ ದೇಹದ ಗಾತ್ರಕ್ಕೆ ನಿರೀಕ್ಷಿಸಿದ್ದಕ್ಕಿಂತ ಮಿದುಳು ಎಷ್ಟು ಪಟ್ಟು ಎಂಬ ಅಳತೆ. ಲೆಕ್ಕ ಹೀಗೆ: ದೇಹದ ತೂಕವನ್ನು ಗ್ರಾಂನಲ್ಲಿ ತೆಗೆದುಕೊಂಡು ಅದರ ಘನಮೂಲ ಕಂಡುಹಿಡಿಯಿರಿ, ಅದನ್ನು ವರ್ಗ ಮಾಡಿ, 0.12ರಿಂದ ಗುಣಿಸಿ. ಸಿಗುವುದು ಆ ಗಾತ್ರದ ಸಸ್ತನಿಯಲ್ಲಿ ನಿರೀಕ್ಷಿಸಬಹುದಾದ ಮಿದುಳಿನ ತೂಕ. ನಿಜವಾದ ತೂಕವನ್ನು ಇದರಿಂದ ಭಾಗಿಸಬೇಕು. 65 ಕಿಲೋ ತೂಗುವ ಮನುಷ್ಯನಿಗೆ ಘನಮೂಲ 40.2, ವರ್ಗ 1,616, ನಿರೀಕ್ಷಿತ ಮಿದುಳು 194 ಗ್ರಾಂ. 1,350ನ್ನು 194ರಿಂದ ಭಾಗಿಸಿದರೆ ಸುಮಾರು 7. ಚಿಂಪಾಂಜಿಗೆ ಸುಮಾರು 2.5.

ನೋಡಲು ಚೆನ್ನಾಗಿದೆ. ಆದರೆ ಅದೇ ಮನುಷ್ಯ 90 ಕಿಲೋ ಆದರೆ ಸೂಚ್ಯಂಕ 5.6ಕ್ಕೆ ಇಳಿಯುತ್ತದೆ. ಬುದ್ಧಿ ಕರಗಿಲ್ಲ, ಛೇದ ಬೆಳೆದಿದೆ ಅಷ್ಟೇ! ಇದೇ ಕಾರಣಕ್ಕೆ ಪುಟ್ಟ ಕಪುಚಿನ್ ಮಂಗ ಗೊರಿಲ್ಲಾಕ್ಕಿಂತ ಮೇಲೆ ಬರುತ್ತದೆ. ಹಾಗಾದರೆ ನರಕೋಶಗಳನ್ನೇ ಎಣಿಸಿದರೆ? ನಮ್ಮಲ್ಲಿ ಸುಮಾರು 8,600 ಕೋಟಿ, ಆಫ್ರಿಕದ ಆನೆಯಲ್ಲಿ 25,700 ಕೋಟಿ. ಆನೆಯವು ಬಹುಪಾಲು ಹಿಂಭಾಗದ ಕಿರುಮಿದುಳಿನಲ್ಲಿವೆ. ಕಾರ್ಟೆಕ್ಸ್ ಎಂಬ ಹೊರಪದರದಲ್ಲಿ ಅದಕ್ಕೆ 560 ಕೋಟಿ, ನಮಗೆ 1,600 ಕೋಟಿ. ಗೆದ್ದೆವು ಎನ್ನುವಷ್ಟರಲ್ಲಿ ಉದ್ದರೆಕ್ಕೆಯ ಪೈಲಟ್ ತಿಮಿಂಗಿಲದ ಹೊರಪದರದಲ್ಲಿ ಸುಮಾರು 3,700 ಕೋಟಿ ಎಂಬ ಎಣಿಕೆ ಬಂತು. ಎಣಿಸಿದ ವಿಧಾನ ಬೇರೆ ಎಂಬುದನ್ನು ಮಾತ್ರ ಮರೆಯಬೇಡಿ.

ಇನ್ನು ಕನ್ನಡಿ ಪರೀಕ್ಷೆ: ಕನ್ನಡಿಯಲ್ಲಿ ಕಾಣುವುದು ತಾನೇ ಎಂದು ಪ್ರಾಣಿಗೆ ಗೊತ್ತಾಗುತ್ತದೆಯೇ ಎಂದು ನೋಡುವುದು. ಮನೋವಿಜ್ಞಾನಿ ಗಾರ್ಡನ್ ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳಿಗೆ ಮೊದಲು ಕನ್ನಡಿ ಅಭ್ಯಾಸ ಮಾಡಿಸಿ, ಅರಿವಳಿಕೆ ಕೊಟ್ಟು, ಹುಬ್ಬಿನ ಮೇಲೂ ಕಿವಿಯ ಮೇಲೂ ವಾಸನೆಯಿಲ್ಲದ ಕೆಂಪು ಬಣ್ಣ ಹಚ್ಚಿದರು. ಎಚ್ಚರವಾದ ಮೇಲೆ ಕನ್ನಡಿ ಇಲ್ಲದಾಗ ಎಷ್ಟು ಸಲ ಆ ಜಾಗ ಮುಟ್ಟಿಕೊಳ್ಳುತ್ತವೆ, ಇದ್ದಾಗ ಎಷ್ಟು ಸಲ ಎಂಬುದೇ ಹೋಲಿಕೆ. ಮೊದಲ ಎಣಿಕೆ ಬಿಟ್ಟರೆ ಪ್ರಯೋಗ ಕೆಟ್ಟಿತು, ತುರಿಕೆಗೂ ಕೈ ಹೋಗುತ್ತದಲ್ಲ. ಮುಂದೆ ಏಷ್ಯಾದ ಆನೆ (2006), ಮ್ಯಾಗ್‌ಪೈ ಹಕ್ಕಿ (2008), ಕ್ಲೀನರ್ ರ‍್ಯಾಸ್ ಎಂಬ ಪುಟ್ಟ ಮೀನು (2019) ತೇರ್ಗಡೆಯಾದ ವರದಿಗಳು ಬಂದವು. ಮೀನಿನ ಫಲಿತಾಂಶದ ಅರ್ಥದ ಬಗ್ಗೆ ತಕರಾರಿದೆ. ನಾಯಿ ಸಾಮಾನ್ಯವಾಗಿ ಫೇಲು. ಅದಕ್ಕೆ ಸ್ವಪ್ರಜ್ಞೆ ಇಲ್ಲವೆಂದು ಬರೆದುಬಿಡುವುದು ಆತುರ: ಮೂಗಿನಿಂದ ಲೋಕ ಅರಿಯುವ ಪ್ರಾಣಿಗೆ ಕಣ್ಣಿನ ಪ್ರಶ್ನೆಪತ್ರಿಕೆ ಕೊಟ್ಟಿದ್ದೇವೆ.

ವಿಕಾಸವನ್ನು ಏಣಿಯಂತೆ ಬರೆಯಬೇಡಿ. ಚಿಂಪಾಂಜಿ ನಮ್ಮ ಪೂರ್ವಜನಲ್ಲ, ದಾಯಾದಿ. ಮನುಷ್ಯನ ಮನಸ್ಸಿಗೂ ಪ್ರಾಣಿಗಳದ್ದಕ್ಕೂ ಇರುವ ವ್ಯತ್ಯಾಸ ಪ್ರಮಾಣದ್ದೇ ಹೊರತು ಬಗೆಯದ್ದಲ್ಲ ಎಂಬುದು 1871ರಲ್ಲಿ ಡಾರ್ವಿನ್ ಹಿಡಿದ ನಿಲುವು. ಮನುಷ್ಯನ ಪರ ವಾದಿಸುವವರು ಮಿದುಳಿಗಿಂತ ಕೂಡಿಟ್ಟ ಸಂಸ್ಕೃತಿಯನ್ನು ಹಿಡಿಯುವುದು ಜಾಣತನ. ಚಿಂಪಾಂಜಿಯೂ ಕಡ್ಡಿ ಸಿದ್ಧಮಾಡಿ ಗೆದ್ದಲು ಹಿಡಿಯುತ್ತದೆ. ಆದರೆ ಒಂದು ತಲೆಮಾರಿನ ಸುಧಾರಣೆಯ ಮೇಲೆ ಮುಂದಿನದು ಕಟ್ಟುತ್ತಾ ಹೋಗುವುದು ನಮ್ಮಷ್ಟು ಬೇರೆಲ್ಲೂ ಕಂಡಿಲ್ಲ.

ಕೊನೆಗೆ ಹಕ್ಕು. ನಮಗೆ ಬುದ್ಧಿ ಹೆಚ್ಚು, ಆದ್ದರಿಂದ ಪ್ರಾಣಿಗಳನ್ನು ಬಳಸಿಕೊಳ್ಳಬಹುದು ಎಂಬಲ್ಲಿ ಒಂದು ಮೆಟ್ಟಿಲು ಕಾಣೆಯಾಗಿದೆ. ತತ್ವಜ್ಞಾನಿ ಜೆರೆಮಿ ಬೆಂಥಮ್ 1789ರಲ್ಲೇ ಅಳತೆಗೋಲು ಬದಲಿಸಿ, ಅವು ಯೋಚಿಸಬಲ್ಲವೇ ಎಂಬುದಲ್ಲ, ನೋವು ಅನುಭವಿಸಬಲ್ಲವೇ ಎಂದು ಕೇಳಿದ. ವಿವೇಚನೆಯೇ ಮಾನದಂಡ ಎನ್ನುವವರಿಗೆ ಹಸುಗೂಸಿನ ಪ್ರಶ್ನೆ ಹಾಕಿ ನೋಡಿ: ವಿವೇಚನೆ ಇನ್ನೂ ಬಾರದ ಅದಕ್ಕೆ ಹಕ್ಕಿಲ್ಲವೇ? ‘ಮುಂದೆ ಬರುತ್ತದೆ’ ಎಂದೋ ‘ಅದು ಮನುಷ್ಯಕುಲದ್ದು’ ಎಂದೋ ಉತ್ತರ ಬಂದರೆ, ಮಾನದಂಡ ವಿವೇಚನೆಯಿಂದ ಬೇರೊಂದಕ್ಕೆ ಸರಿದಿದೆ. ವಾದದ ಆ ಸಾಲಿನ ಕೆಳಗೇ ಗೆರೆ ಎಳೆದು ಗುರುತಿಸಿ.